ನಡವಳಿ ಪುಸ್ತಕದಲ್ಲಿ ಇಲ್ಲದ್ದು

ದುಧನಿ ಸ್ಟೇಷನ್ನಿನ ಹಿಂದೆ, ಗೂಡ್ಸ್ ಗಾಡಿ ಹಾದಾಗೊಮ್ಮೆ
ತಗಡು ನಡುಗುವ ನಮ್ಮ ಚರ್ಚು.
ಹಾರ್ಮೋನಿಯಂ ತಿದಿಯನ್ನು ಇಲಿ ಕಡಿದು
ಇವತ್ತಿಗೆ ಹನ್ನೊಂದು ದಿನ.
ಕ್ರಿಸ್‌ಮಸ್ಸಿಗೆ ಇನ್ನು ಒಂಬತ್ತು.

ಸಭೆ ಸೇರಿತು. ನಾನು ಕಾರ್ಯದರ್ಶಿ,
ಕನ್ನಡ ಸಾಲಿ ಟೀಚರಬಾಯಿ, ಬರೆಯುವುದು ನನ್ನ ಪಾಲು.
ವಿಷಯ ಒಂದೇ: ಯೋನಪ್ಪನ ಢೋಲಕಿ.

ಹದಿನೆಂಟು ವರ್ಷ ತಮಾಷಾ ಪಾರ್ಟಿಯಲ್ಲಿದ್ದವ.
ಬಾರ್ಶಿ, ಪಂಢರಪುರ, ಇನ್ನೂ ಎಲ್ಲೆಲ್ಲೋ
ಟೆಂಟು ಹೊಡೆಯುವುದು, ಟೆಂಟು ಬಿಚ್ಚುವುದು,
ನಡುವೆ ಬೆಳತನಕ ಲಾವಣಿ.
ಹೋದ ಶ್ರಾವಣದಲ್ಲಿ ಒಂದು ಕಾಲು ಎಳೆಯುತ್ತ ಇಳಿದ
ಸೋಲಾಪುರ ಪ್ಯಾಸೆಂಜರಿನಿಂದ.
ಬಗಲಲ್ಲಿ ಅದೊಂದೇ.

ಸಮುವೇಲಪ್ಪನವರು ಎದ್ದರು. ನಿವೃತ್ತ ಪಾಯಿಂಟ್ಸ್‌ಮನ್,
ನಲವತ್ತು ವರ್ಷ ಹಳಿ ಬೇರ್ಪಡಿಸಿದ ಕೈ.
“ಆ ತೊಗಲು ಗೆಜ್ಜಿ ಕೇಳೇದ, ಶಿಳ್ಳಿ ಕೇಳೇದ,
ಒಗದ ರೂಪಾಯಿ ಬಿದ್ದ ಸಪ್ಪಳ ಕೇಳೇದ.
ಕರ್ತನ ಮೇಜಿನ ಬಾಜೂಕ ಅದನ್ನ ಇಡಬೇಕೇನು?
ಲೋಕದ ಹಳಿ ಬ್ಯಾರೆ, ಸಭಾದ ಹಳಿ ಬ್ಯಾರೆ.
ಕೂಡಿಸಿದ್ರ ಗಾಡಿ ಬೀಳತದ.”
ಬರೆದುಕೊಂಡೆ.

ಮೂಲೆಯಿಂದ ಮಾರ್ಥವ್ವ, ಎಲೆ ಅಡಿಕೆ ದವಡೆಗೆ ಸರಿಸಿ:
“ನಮ್ಮವ್ವ ಬೀಸೂ ಕಲ್ಲಿನ ಮುಂದ ಯೇಸುನ್ನ ಹಾಡತಿದ್ಲು.
ಧಾಟಿ, ಅತ್ತಿನ್ನ ಬೈಯೂ ಹಾಡಿಂದು.
ಹಿಟ್ಟೇನ ಹುಳ್ಳಗಾಗಲಿಲ್ಲ.”
ನಕ್ಕರು. ನಗುವನ್ನು ಬರೆಯುವ ರೂಢಿಯಿಲ್ಲ.

ನಮ್ಮ ಕೀರ್ತನೆಗಳ ನೆತ್ತಿಯ ಮೇಲೂ
ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಧಾಟಿಯ ಹೆಸರಿದೆ;
ಯಾವುದೋ ಊರಿನದಂತೆ.
ಅಲ್ಲಿ ಅದಕ್ಕೆ ಯಾರು ಕುಣಿದಿದ್ದರೋ
ಕೇಳಲು ಹೋಗಿ ಬಂದವರಿಲ್ಲ.
ಇದನ್ನು ನಾನು ಅನ್ನಲಿಲ್ಲ. ಕಾರ್ಯದರ್ಶಿಗೆ ಮಾತಿಲ್ಲ.

ಯಾರೋ ಅಂದರು, ಅದಕ್ಕೆ ಎರಡು ಮುಖ,
ಎರಡು ಮುಖದ್ದನ್ನ ನಂಬಬಾರದು.
ಯೋನಪ್ಪ ಬಾಗಿಲ ಬಳಿ, ಚಪ್ಪಲಿಗಳ ಸಾಲಿನಲ್ಲಿ ಕೂತಿದ್ದ.
“ಎರಡೂ ಒಂದ ಹಗ್ಗದಾಗ ಅದಾವ್ರಿ.
ಈ ಕಡಿ ಬಿಗದ್ರ ಆ ಕಡಿ ಉಲಿತದ.”
ಹಗ್ಗದ ನಡುವೆ ಹಿತ್ತಾಳೆಯ ಗೆಜ್ಜೆಕಾಳು ಒಂದಿತ್ತು.
“ಅದನ್ನಾರ ಬಿಚ್ಚು” ಅಂದರು ಸಮುವೇಲಪ್ಪನವರು.
“ಬಿಚ್ಚಿದ್ರ ಶ್ರುತಿ ಸಡಲತದ್ರಿ.”
ಸುಳ್ಳು. ಹಗ್ಗ ಅದನ್ನು ಹಿಡಿದಿತ್ತು, ಅದು ಹಗ್ಗವನ್ನಲ್ಲ.
ಯಾರ ಕಾಲಿನದು ಎಂದು ಯಾರೂ ಕೇಳಲಿಲ್ಲ.

ಪಾಸ್ಟರರ ತೀರ್ಪು: ಹಾರ್ಮೋನಿಯಂ ಬರುವ ತನಕ ಮಾತ್ರ,
ನಿಧಾನವಾಗಿ.
ಆ ಪದದ ಕೆಳಗೆ ಗೆರೆ ಎಳೆಯಲು ಹೇಳಿದರು. ಎಳೆದೆ.

ಇಪ್ಪತ್ತನಾಲ್ಕರ ರಾತ್ರಿ. ತೊಗರಿ ಹೊಲದ ಚಳಿ.
ಮೊದಲ ಕೀರ್ತನೆಗೆ ಅವನು ನುಡಿಸಿದ್ದು
ಸೂಲಗಿತ್ತಿ ಬಸುರಿಯ ಹೊಟ್ಟೆ ಮುಟ್ಟಿ ನೋಡಿದ ಹಾಗೆ,
ಬೆರಳ ತುದಿ ಅಷ್ಟೇ.
ಮೂರನೆಯದರಲ್ಲಿ, ಕುರುಬರು ಬೇತ್ಲೆಹೇಮಿಗೆ ಓಡುವ ಚರಣಕ್ಕೆ,
ಎಡಗೈ ಒಮ್ಮೆ ಒತ್ತಿ ಜಾರಿತು.
ಓಡುವವರು ನಿಧಾನ ಹೇಗೆ ಓಡಿಯಾರು?
ಸೀರೆ ನೆರಿಗೆಯೊಳಗೆ ನನ್ನ ಹಿಮ್ಮಡಿ ಎದ್ದಿತು.
ಏಳನೇ ಇಯತ್ತೆಯಲ್ಲಿ ಟೆಂಟಿನ ಸಂದಿಗೆ ಕಣ್ಣಿಟ್ಟು
ಅಪ್ಪನಿಂದ ತಿಂದ ಏಟು ಅದಕ್ಕಿನ್ನೂ ನೆನಪಿತ್ತು,
ಆದರೂ ಎದ್ದಿತು.

ಆಗ ಕಂಡೆ:
ಸಮುವೇಲಪ್ಪನವರ ಹೆಬ್ಬೆರಳು, ಬೈಬಲಿನ ರಟ್ಟಿನ ಮೇಲೆ,
ಢೋಲಕಿಗಿಂತ ಕೂದಲೆಳೆ ಮೊದಲೇ
ಪೆಟ್ಟಿನ ಜಾಗಕ್ಕೆ ಬಂದು ಕಾಯುತ್ತಿತ್ತು.
ಒಂದು ಸಲವಲ್ಲ. ಪ್ರತಿ ಸಲ.
ಚರ್ಚಿನಲ್ಲಿ ಕಲಿತ ಬೆರಳಲ್ಲ ಅದು.
ಯಾವ ಊರ ಟೆಂಟೋ, ಯಾವ ನೈಟ್ ಡ್ಯೂಟಿಯ ನೆಪವೋ.
ಹೊರಗೆ ಹನ್ನೊಂದರ ಗೂಡ್ಸ್ ಹಾದು ತಗಡು ನಡುಗಿತು;
ಬೆರಳು ತಾಳ ತಪ್ಪಲಿಲ್ಲ.

ಕೊನೆಯ ಪ್ರಾರ್ಥನೆ. ಮೌನ.
ಢೋಲಕಿಯನ್ನು ತೊಡೆಯಿಂದ ಇಳಿಸುವಾಗ
ಗೆಜ್ಜೆಕಾಳು ಒಂದೇ ಸಲ ಅಂದಿತು.
ಯಾರೂ ಹೊರಳಿ ನೋಡಲಿಲ್ಲ.
ಆಮೆನ್ ತುಸು ತಡವಾಗಿ ಬಂತು.

ಮರುವಾರದ ನಡವಳಿ, ನನ್ನ ಅಕ್ಷರದಲ್ಲೇ:
ತಿದಿ ರಿಪೇರಿಗೆ ಮುನ್ನೂರೈವತ್ತು ರೂಪಾಯಿ ಮಂಜೂರು.
ಇಲಿಬೋನು ಒಂದು, ಮೂವತ್ತು.
ಸೂಚಿಸಿದವರು ಸಮುವೇಲಪ್ಪನವರು.
ರಿಪೇರಿ ನಿಧಾನ ಆಗಲಿ, ಅವಸರವಿಲ್ಲ
ಎಂದು ಅವರೇ ಸೇರಿಸಿದರು.

ಈ ಸಲ ಗೆರೆಯನ್ನು
ಯಾರೂ ಹೇಳದೆ ಎಳೆದೆ.