ಎರಡನೇ ತೂತು

ಮೊದಲ ತಿಂಗಳು ಬಂದದ್ದು ಬರೀ ಕೆಮ್ಮು.
ಎರಡನೇ ತಿಂಗಳು ತುಟಿ ಸೀಳಿತು,
ರಕ್ತ ಹಿತ್ತಾಳೆಗೆ ಹತ್ತಿ
ನಾಲಿಗೆಗೆಲ್ಲ ಹಳೇ ನಾಣ್ಯದ ರುಚಿ.

ಕಲಿಸುವವನು ಕ್ಲಿಯೋಥಾ ಬಿಗ್ಸ್, ಎಪ್ಪತ್ತೊಂದು ವರ್ಷ.
ಮಿಸಿಸಿಪ್ಪಿಯ ಹತ್ತಿ ಗಿರಣಿಯ ಧೂಳು ಕುಡಿದ ಎದೆ,
ಮೂಗಿನಡಿ ಪ್ಲಾಸ್ಟಿಕ್ ನಳಿಕೆ,
ಹೋದಲ್ಲೆಲ್ಲ ಹಿಂದೆಯೇ ಉರುಳಿ ಬರುವ
ಆಮ್ಲಜನಕದ ಸಿಲಿಂಡರು. ಅದಕ್ಕೊಂದು ಹೆಸರೂ ಇಟ್ಟಿದ್ದಾನೆ,
ಬಿಟ್ಟುಹೋದ ಎರಡನೇ ಹೆಂಡತಿಯದು.
ಹತ್ತು ವರ್ಷವಾಯಿತಂತೆ ನುಡಿಸಿ.

'ಊದಬೇಡ' ಅಂದ ಮೊದಲ ದಿನವೇ.
'ಊದುವುದು ಹುಟ್ಟುಹಬ್ಬದ ಮಕ್ಕಳಿಗೆ.
ಎಳೆ. ಒಳಕ್ಕೆ ಎಳೆ.
ಬ್ಲೂಸ್ ಇರುವುದು ಎಳೆದುಕೊಳ್ಳುವ ಉಸಿರಲ್ಲಿ.'

ಎಳೆದೆ.
ಬಾಲ ತುಳಿಸಿಕೊಂಡ ಬೆಕ್ಕು.

ಸ್ವರ ಬಾಗಬೇಕು ಅನ್ನುತ್ತಾನೆ:
ನಾಲಿಗೆ ಹಿಂದಕ್ಕೆ, ದವಡೆ ಕೆಳಕ್ಕೆ,
ಬಾಯಲ್ಲಿ ಸುಡುವ ಗೆಣಸಿನ ತುಂಡು,
ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ,
ಅಷ್ಟು ಜಾಗ ಮಾಡಿಕೊಡು,
ತಾನಾಗಿ ತಲೆ ತಗ್ಗಿಸುತ್ತದೆ.

ತಲೆ ತಗ್ಗಿಸುವುದು ನನಗೆ ಗೊತ್ತು, ಅಂದೆ.
ಇಪ್ಪತ್ತಾರು ವರ್ಷ ಕ್ಯಾಟ್‌ಫಿಶ್ ಕಾರ್ಖಾನೆ, ರಾತ್ರಿ ಪಾಳಿ,
ಮಂಜುಗಡ್ಡೆ ನೀರಲ್ಲಿ ಮೀನು, ಮೀನಿನಲ್ಲಿ ಚಾಕು.
ಉಸಿರೆತ್ತಬೇಡ ಅಂದರು, ಎತ್ತಲಿಲ್ಲ.
ಶೌಚಕ್ಕೆ ಹೋಗಲು ಕೈ ಎತ್ತಿ ನಿಂತೆ.
ಬೆರಳು ಮರಗಟ್ಟಿ ಚಾಕು ಜಾರಿದ ದಿನ
ಸಂಬಳ ಹಿಡಿದರು,
ಅದನ್ನೂ ಹೊಟ್ಟೆಗೆ ಹಾಕಿಕೊಂಡೆ.

ಮುದುಕ ನಗಲು ಹೋಗಿ ಕೆಮ್ಮಿದ,
ಸಿಲಿಂಡರಿನ ಮುಳ್ಳು ನೋಡಿಕೊಂಡ.
'ಹಾಕಿಕೊಂಡೆಯಲ್ಲ ವೆರ್ಲೀನ್, ಅಲ್ಲಿಗೆ ಎಳೆ.
ಗಂಟಲಲ್ಲೇ ನಿಲ್ಲಿಸಿದರೆ
ಚರ್ಚಿನ ಹಾಡಾಗುತ್ತದೆ.'

ಕೋಳಿಮರಿ ಹಿಡಿದ ಹಾಗೆ ಕೈ ಮುಚ್ಚು ಅಂದ.
ನನ್ನ ಎಡಗೈಯ ಎರಡು ಬೆರಳು
ಹೊಲಿಗೆ ಹಾಕಿದಂದಿನಿಂದ ಪೂರ್ತಿ ಮಡಚುವುದಿಲ್ಲ.
ಸಂದಿಯಲ್ಲಿ ಸದ್ದು ಸೋರುತ್ತದೆ.
ಬಹಳ ಹೊತ್ತು ಕೇಳಿಸಿಕೊಂಡು ಕೂತ.
'ಸೋರಲಿ ಬಿಡು.'

ಮನೆಯಲ್ಲಿ ಮೊಮ್ಮಗು ಮಲಗಿರುತ್ತದೆ,
ಹಾಗಾಗಿ ಪಾಳಿ ಮುಗಿದ ಮೇಲೆ
ಗಾಜು ಏರಿಸಿದ ಕಾರಿನಲ್ಲಿ ಅಭ್ಯಾಸ.
ಫೆಬ್ರವರಿಯ ಒಂದು ನಸುಕು
ಎರಡನೇ ತೂತು ಬಾಗಿತು,
ಜಲ್ಲಿಯ ಮೇಲೆ ಲಾರಿ ಹೊರಳಿದ ಹಾಗೆ,
ಕರಕರ, ಕೆಳಗೆ, ಇನ್ನೂ ಕೆಳಗೆ,
ನನ್ನ ಹಲ್ಲಿನ ಬೇರೆಲ್ಲ ಜುಮ್ಮೆಂದಿತು.

ಟಕ್ ಟಕ್. ಗಾಜಿನಾಚೆ ಓಜೆಟ್ಟಾ, ಜಾಲರಿ ಟೊಪ್ಪಿ ಇನ್ನೂ ತಲೆಯ ಮೇಲೆ:
'ಒಳಗೆ ನಾಯಿ ಸಿಕ್ಕಿಕೊಂಡಿದೆಯೇನೇ?'
ಹೌದು ಅಂದೆ, ಬಾಗಿಲು ತೆಗೆದೆ.
ಅವಳು ಜೋಳದ ರೊಟ್ಟಿ ಮುರಿದು ಕೊಟ್ಟಳು,
ತಿಂದ ಬಾಯಲ್ಲೇ ಮತ್ತೆ ಎಳೆದೆ.

ಈಗ ನಾಲ್ಕನೇ ತೂತು ಮಾತಾಡುವುದಿಲ್ಲ.

ಗುರುವಾರ ಕ್ಲಿಯೋಥಾ ತಿರುಪು ಬಿಚ್ಚಿ
ಪಿನ್ನಿನ ತುದಿಯಿಂದ ರೊಟ್ಟಿಯ ಚೂರು ತೆಗೆದ.
ಮತ್ತೆ ಜೋಡಿಸಿ, ಅಭ್ಯಾಸಬಲದಿಂದ ತುಟಿಗೆ ಒಯ್ದ,
ನಳಿಕೆ ಅಡ್ಡ ಬಂತು.
ಹಾಗೇ ಹಿಡಿದುಕೊಂಡು ಮೂಸಿದ.

'ಮೀನು' ಅಂದ.
'ಇನ್ನು ಇದನ್ನು ಯಾರೂ ಕದಿಯುವುದಿಲ್ಲ.'