ಅಕ್ಷರಕ್ಕಿಷ್ಟು

ಮಂಡಿಪೇಟೆಯ ಗಣಪತಸಾ ಆರ್ಟ್ಸಿನಲ್ಲಿ
ನಾನು ಕುಂಚ ತೊಳೆಯುವ ಹುಡುಗನಾಗಿದ್ದಾಗ
ಕೂಲಿ ಅಕ್ಷರಕ್ಕೆ ಎರಡೂವರೆ ರೂಪಾಯಿ,
ಒತ್ತಿಗೆ ಎಂಟಾಣೆ ಬೇರೆ.
ಉದ್ದ ಹೆಸರಿನ ಗಿರಾಕಿಯೇ ನಮ್ಮ ಪಾಲಿನ ದೇವರು.
'ಶ್ರೀ ಗುರು ಕೊಟ್ಟೂರೇಶ್ವರ ಹತ್ತಿಬೀಜ ಮತ್ತು ಹಿಂಡಿ ವ್ಯಾಪಾರಸ್ಥರು'
ಬರೆದ ಸಂಜೆ
ಎಲ್ಲರಿಗೂ ಮಿರ್ಚಿ.

ಈಗ ಲೆಕ್ಕ ತಲೆಕೆಳಗು.
ಅಕ್ಷರ ಕಳೆದಷ್ಟೂ ಕಾಸು.
ಫ್ಲೆಕ್ಸು ಬಂದು ಕುಂಚಗಳು ಡಬ್ಬಿಯಲ್ಲೇ ಕಲ್ಲಾದ ಮೇಲೆ
ನಾನು ಹಿಡಿದದ್ದು ಈ ದಂಧೆ:
ಇಂಟರ್‌ನೆಟ್ಟಿನ ವಿಳಾಸಗಳನ್ನು ಕೊಂಡು, ಕಾದು, ಮಾರುವುದು.
ನೂರಾ ಹನ್ನೆರಡು ಹೆಸರುಗಳಿವೆ ನನ್ನ ಹತ್ತಿರ.
ಒಂದಕ್ಕೂ ಗೋಡೆಯಿಲ್ಲ, ಷಟರಿಲ್ಲ.
ಬೋರ್ಡು ಮಾತ್ರ.
ಅಂಗಡಿ ಯಾರಾದರೂ ಆಮೇಲೆ ಕಟ್ಟಿಕೊಳ್ಳಲಿ.

'ಕಟ್ಟದ ಮನೆಗೆ ಕಂದಾಯ ತುಂಬೋ ಗಂಡಸು
ದಾವಣಗೆರೆಗೆಲ್ಲ ನೀನೊಬ್ನ' ಅನ್ನುತ್ತಾಳೆ ಹಾಲಮ್ಮ.
ಕಂದಾಯ ನಿಜ. ವರ್ಷಕ್ಕೊಮ್ಮೆ
ತಲೆಗೆ ಒಂಬೈನೂರು ಚಿಲ್ಲರೆ.

ಮೊದಮೊದಲು ಕಂಡದ್ದೆಲ್ಲ ಕೊಂಡೆ.
ಒಂದೇ ರಾತ್ರಿ ನಲವತ್ತು, ಜ್ವರ ಬಂದವನ ಹಾಗೆ.
ದೊಡ್ಡ ಕಂಪನಿಯೊಂದರ ಹೆಸರಿಗೂ ಕೈ ಹಾಕಿದ್ದೆ;
ಮುಂಬೈ ವಕೀಲನ ನೋಟಿಸು ಬಂದ ದಿನ
ಅನ್ನ ಸೇರಲಿಲ್ಲ.
ಇನ್ನೊಬ್ಬರ ಬೋರ್ಡಿಗೆ ಸುಣ್ಣ ಬಳಿಯಬೇಡ
ಎಂದು ಗಣಪತಸಾ ಆವತ್ತೇ ಹೇಳಿದ್ದ.

ಈಗ ಪರೀಕ್ಷೆಯೊಂದಿದೆ.
ಫೋನಿನಲ್ಲಿ ಒಂದೇ ಸಲ ಹೇಳುತ್ತೇನೆ,
ಆಟೋ ಓಡಿಸುವ ಭಾಮೈದ
ಗದ್ದಲದ ನಡುವೆ ತಪ್ಪಿಲ್ಲದೆ ಬರೆದುಕೊಂಡರೆ ಕೊಳ್ಳುತ್ತೇನೆ.
'ಏನಂದ್ರಿ?' ಎಂದನೋ, ಬಿಟ್ಟೆ.
ಮೂರು ವರ್ಷ ಒಬ್ಬರೂ ಕೇಳದ ಹೆಸರನ್ನು
ಯುಗಾದಿಗೆ ಮುಂಚೆ ಕೈಬಿಡುತ್ತೇನೆ.
ಪುಸ್ತಕದಲ್ಲಿ ಅದರ ಮೇಲೊಂದು ಗೆರೆ.
ಗೆರೆ ಮಾತ್ರ ಈಗಲೂ ಸ್ಕೇಲಿಲ್ಲದೆ ನೆಟ್ಟಗೆ ಬರುತ್ತದೆ.

ಸೂರತ್ತಿನವನೊಬ್ಬ ಐದಕ್ಷರದ್ದಕ್ಕೆ ಎಂಟು ಸಾವಿರ ಅಂದ.
ನಾನು ಸುಮ್ಮನಾದೆ.
ಎನಾಮೆಲ್ ಒಣಗುವ ತನಕ ಮುಟ್ಟಬಾರದು,
ಮುಟ್ಟಿದರೆ ಬೆರಳಚ್ಚು ಬೀಳುತ್ತದೆ.
ಹನ್ನೊಂದನೆಯ ದಿನ ಅವನೇ
ಒಂದು ಲಕ್ಷ ನಲವತ್ತಕ್ಕೆ ಬಂದ.
ಆ ಒಂದು, ಮಿಕ್ಕ ನೂರಾ ಹನ್ನೊಂದರ
ವರ್ಷದ ಹೊಟ್ಟೆ ತುಂಬಿಸಿತು.
ಹಾಲಮ್ಮ ಕಂದಾಯದ ಮಾತೆತ್ತಲಿಲ್ಲ,
ಒಂದು ವಾರ.

ಮೊನ್ನೆ ಆಜಾದ್ ನಗರದಿಂದ ಶಮೀಮ್ ಬಂದಿದ್ದಳು,
ದಾದಾಪೀರನ ಮಗಳು. ತೋಳಿನ ಮೇಲೆ ಭಟ್ಟಿಯ ಬೂದಿ.
ಮಂಡಕ್ಕಿಯನ್ನು ಪಾಕೀಟು ಮಾಡಿ ದೂರದೂರಿಗೆ ಕಳಿಸುತ್ತಾಳಂತೆ.
'ಅಬ್ಬಾನ ಹೆಸರು ನಿಮ್ಮ ಹತ್ರ ಐತಂತಲ್ಲ.'

ಇತ್ತು.
ಮಾರಲು ಕೊಂಡದ್ದಲ್ಲ ಅದು.
ತೊಂಬತ್ತೆಂಟರಲ್ಲಿ ಗಣಪತಸಾ ಮೊದಲ ಸಲ
ನನ್ನೊಬ್ಬನನ್ನೇ ಏಣಿ ಹತ್ತಿಸಿದ ಬೋರ್ಡು.
ಹಳದಿಯ ಮೇಲೆ ಕೆಂಪು, ಕಪ್ಪು ನೆರಳು.
ನಲವತ್ತು ರೂಪಾಯಿ ಬಾಕಿ ಉಳಿಸಿ ದಾದಾಪೀರ
ಒಂದು ಚೀಲ ಮಂಡಕ್ಕಿ ಹೊರಿಸಿ ಕಳಿಸಿದ್ದ.

ಖರೀದಿ ಹಣ, ಐದು ವರ್ಷದ ಕಂದಾಯ,
ಮೇಲೆ ನಲವತ್ತು ಎಂದೆ.
ಯಾವ ನಲವತ್ತೆಂದು ಅವಳು ಕೇಳಲಿಲ್ಲ, ಎಣಿಸಿ ಕೊಟ್ಟಳು.
ಮೆಟ್ಟಿಲಿಳಿಯುತ್ತ ತಿರುಗಿ,
'ಕನ್ನಡದಾಗೂ ಸಿಗ್ತದೇನ್ರಿ, ಇದು?'

ಕನ್ನಡದ ವಿಳಾಸ ಯಾರೂ ಒತ್ತುವುದಿಲ್ಲ.
ಮರುಮಾರಾಟ ಸೊನ್ನೆ.
ನನ್ನ ಪುಸ್ತಕದ ಮೊದಲ ಪುಟದಲ್ಲೇ ಬರೆದುಕೊಂಡಿದ್ದೇನೆ.

ರಾತ್ರಿ ಹನ್ನೊಂದಕ್ಕೆ ಸುಮ್ಮನೆ ಒತ್ತಿ ನೋಡಿದೆ.
ಮಂಡಕ್ಕಿ. ಭಟ್ಟಿ.
ಕಕಾರದ ಕೆಳಗೆ ಕಕಾರ ತಾನೇ ಹೋಗಿ ಕೂತಿತು,
ಏಣಿಯಿಲ್ಲ, ದಾರ ಹೊಡೆದು ಎಳೆದ ಗೆರೆಯಿಲ್ಲ.
ಬಲಗೈ ಮಾತ್ರ ಕೀಲಿಮಣೆಯ ಮೇಲೆ
ಟಕಾರದ ಒತ್ತಿಗೆ ಒಂದಿಷ್ಟು ಬಾಗಿತು.

ಲಭ್ಯವಿದೆ, ಎಂದಿತು ಪರದೆ.
ಒಳಗಿಂದ ಹಾಲಮ್ಮ, 'ಇನ್ನೂ ಮಲಗಿಲ್ಲೇನು?'
ಒತ್ತಿಗೆ ಎಂಟಾಣೆ ಬೇರೆ, ಎಂದೆ.
ಅವಳಿಗೆ ಕೇಳಿಸಿರಲಿಕ್ಕಿಲ್ಲ.