ಉಪ್ಪು ಕರಗಿದ ಮೇಲೆ

ಖೋನ್ ಕೇನ್ ಆಸ್ಪತ್ರೆಯ ನಾಲ್ಕನೇ ಮಹಡಿ.
ಫ್ರಿಜ್ಜಿನ ಕೆಳತಟ್ಟಿನಲ್ಲಿ, ಯಾರದೋ ಊಟದ ಡಬ್ಬಿಯ ಪಕ್ಕ
(ಇಡಬಾರದು, ಇಡುತ್ತಾರೆ)
ನಿನ್ನ ಕಲ್ಲು ಹದಿನೇಳು ದಿನ ನೆನೆಯಿತು, ಖಮ್‌ಸಿಂಗ್ ಅಜ್ಜ.

ದಿನಾ ದ್ರಾವಣ ಬದಲಿಸಿದೆ.
ಕ್ಯಾಲ್ಸಿಯಂ ಹೋಯಿತು, ಆಕ್ಸಲೇಟ್ ಹೋಯಿತು,
ನೂರಕ್ಕೆ ತೊಂಬತ್ತೇಳು ಪಾಲು ನೀರಪಾಲು.
ಉಳಿದದ್ದು ಮೂರು.
ಆ ಮೂರೇ
ಕಲ್ಲಿನ ಆಕಾರ ಹೊತ್ತು ನಿಂತಿದೆ:
ಅದೇ ಉಬ್ಬು, ಅದೇ ತಗ್ಗು,
ನಡುರಾತ್ರಿ ನಿನ್ನನ್ನು ನೆಲಕ್ಕೆ ಕೆಡವಿದ ಅದೇ ಮೊನೆ.
ಮುಟ್ಟಿದರೆ ಹಾಲಿನ ಕೆನೆ.

ನೀಲಿ ಬಣ್ಣ ಬಿಟ್ಟೆ.
ಸುತ್ತಿನ ಮೇಲೆ ಸುತ್ತು ಎದ್ದು ಬಂತು.
ಯಾವ ಸುತ್ತು ಯಾವ ಬೇಸಿಗೆಯದೋ, ನಾನರಿಯೆ.

ಪ್ರೋಟೀನು. ಪೂರ್ತಿ ಹೆಸರು ಉದ್ದ, ನಿನಗೆ ಬೇಡ.
ಎಲ್ಲರ ಮೂತ್ರದಲ್ಲೂ ಇರುತ್ತದೆ, ನನ್ನದರಲ್ಲೂ;
ಮೂತ್ರಪಿಂಡ ಹಗಲಿರುಳು ನೂಲುವ ನೂಲು.
ಹರಳೊಂದು ಹುಟ್ಟಿದರೆ ಮೈಗೆ ಸುತ್ತಿಕೊಂಡು
ಇನ್ನೊಂದಕ್ಕೆ ತಾಗದಂತೆ
ಹೊರಬಾಗಿಲ ತನಕ ಬಿಟ್ಟುಬರುತ್ತದೆ.
ಪುಸ್ತಕದಲ್ಲಿ ಹಾಗಿದೆ.
ಅದೇ ಪುಸ್ತಕದಲ್ಲಿ ಎರಡು ಪುಟ ದಾಟಿದರೆ:
ನೀರು ಇಳಿದು, ಉಪ್ಪು ಏರಿ, ಹುಳಿ ಹೆಚ್ಚಿದಾಗ
ನೂಲು ನೂಲಿಗೇ ಸಿಕ್ಕು ಬೀಳುತ್ತದೆ,
ಅಂಟಾಗುತ್ತದೆ,
ಹಾದುಹೋಗುವ ಹರಳನ್ನೆಲ್ಲ ಕೂರು ಅನ್ನುತ್ತದೆ.

ಕಾವಲಿಗಿಟ್ಟವನೇ ಕನ್ನ ಹಾಕಿದ, ಎಂದು ನಕ್ಕರು ಡಾಕ್ಟರ್ ಪ್ರಪಾಟ್.
ನನಗೆ ಹಾಗನ್ನಿಸಲಿಲ್ಲ.
ಹಿಡಿದುಕೊಳ್ಳುವುದೊಂದೇ ಅದಕ್ಕೆ ಗೊತ್ತು.

ನೀನು ಚೀಟಿ ಹಿಡಿದು ಬಂದ ದಿನ
ಬಾಗಿಲು ಮುಂದೆ ಮಾಡಿ ತೋರಿಸಿದೆ.
ಬಾನ್ ದುಂಗ್ ಬಯಲಲ್ಲಿ ನಲವತ್ತು ಬೇಸಿಗೆ
ಉಪ್ಪು ಕಾಯಿಸಿದ ಕಣ್ಣು
ಗಾಜಿಗೆ ಮೂಗು ತಾಗುವಷ್ಟು ಬಗ್ಗಿತು.

"ಬಾಣಲೆಯಲ್ಲೂ ಹೀಗೇ, ಲಮ್ಯೈ.
ನೀರು ಎಷ್ಟು ಗಟ್ಟಿಯಾದರೂ ಒಮ್ಮೊಮ್ಮೆ ಸುಮ್ಮನಿರುತ್ತೆ.
ತೌಡಿನ ಚೂರು ಬೀಳಲಿ, ಗೋಣಿಯ ಒಂದು ಎಳೆ,
ಅಲ್ಲಿಂದ ಶುರು.
ಉಪ್ಪನ್ನು ಬೈಯಬಾರದು.
ಎಳೆ ಯಾರದು ಅಂತ ಕೇಳಬೇಕು."

ನಿನ್ನದೇ, ಅಜ್ಜ.

ಕೇಳಿಸಿತೋ ಇಲ್ಲವೋ.
ಬೆಂಕಿಯ ಮುಂದೆ ನೀರು ಕುಡಿಯದ್ದಕ್ಕೆ ಕಾರಣ ಹೇಳತೊಡಗಿದೆ ನೀನು:
ಕುಡಿದರೆ ಏಳಬೇಕು, ಎದ್ದರೆ ಬಾಣಲೆ ಸೀಯುತ್ತೆ;
ಬುವಾಫನ್ ಇದ್ದಾಗ ಸೌಟು ಅವಳ ಕೈಗೆ ಕೊಟ್ಟು
ಬಿದಿರುಮೆಳೆಯ ಹಿಂದೆ ಹೋಗಿಬರುತ್ತಿದ್ದೆ.
ಅವಳು ಹೋಗಿ ಆರು ವರ್ಷ.

ಸುತ್ತುಗಳನ್ನು ಮತ್ತೆ ಎಣಿಸಿದೆ ಆ ಸಂಜೆ.
ಎಣಿಸಿ ಏನೂ ಸಿಗುವುದಿಲ್ಲ, ಗೊತ್ತಿತ್ತು.

ಮೂರು ಲೀಟರಿನ ಕ್ಯಾನು ಕೊಟ್ಟಿದ್ದೆ:
ಒಂದು ಹಗಲು, ಒಂದು ರಾತ್ರಿ, ಹನಿ ಬಿಡದೆ ಹಿಡಿದು ತಾ.
ತಂದೆ.
ತಳದಲ್ಲಿ ಎಂಟುನೂರು ಮಿಲಿ, ಕಡುಚಹಾದ ಬಣ್ಣ.
ಜೊತೆಗೆ ಬಾಳೆಲೆಯಲ್ಲಿ ಕಟ್ಟಿದ ಒಂದು ಪೊಟ್ಟಣ, ನನಗೆ.

ಮೂತ್ರಪಿಂಡದ ವಿಭಾಗಕ್ಕೆ ಉಪ್ಪು!
ಬೈಯಲು ಬಾಯಿ ತೆರೆದವಳು
ಕಿಟಕಿಯ ಬಿಸಿಲಿಗೆ ಒಂದು ಚಿಟಿಕೆ ಹಿಡಿದೆ.
ಒಂದಕ್ಕೊಂದು ಅಂಟದೆ ಉದುರಿತು,
ಪ್ರತಿ ಹರಳೂ ಬೇರೆ.

"ಚೆನ್ನಾಗಿ ಒಣಗಿಸಿದೀನಿ" ಎಂದೆ ನೀನು,
ಒಂದು ಲೋಟ ನೀರು ಕೇಳುತ್ತ.